ಮನೆಯ ಬರಹ ಉಳಿಯಲಿ

ಗಣಕಯಂತ್ರದಲ್ಲಿ ಬರೆದಿಟ್ಟದ್ದು ಚಿರಕಾಲ ಉಳಿಯುವುದೆಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ಅದು ಪೂರ್ಣ ಸತ್ಯವಲ್ಲ. ಹಿರಿಯರು ಇಪ್ಪತ್ತು ವರ್ಷಗಳ ಹಿಂದೆ ಬೆರಳಚ್ಚಿಸಿಟ್ಟ ವಂಶಾವಳಿಯನ್ನೋ ಜೀವನವೃತ್ತಾಂತವನ್ನೋ ಇಂದು ಹೊಸ ಯಂತ್ರದಲ್ಲಿ ತೆರೆದರೆ, ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುವುದುಂಟು.

ಕಾರಣ ಸರಳವಾದುದು. ಹಿಂದಿನ ಅನೇಕ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದಿದ್ದರೆ ಓದಲು ಬರಹವೂ ಇಲ್ಲ. 1998ರಲ್ಲಿ ಬಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಕಡತಗಳಿಗೂ ಈ ತೊಡಕು ತಪ್ಪಿಲ್ಲ. 1991ರಲ್ಲಿಯೇ ಯುನಿಕೋಡ್ ಕನ್ನಡದ ಅಕ್ಷರಗಳಿಗೆ ಅವುಗಳದೇ ಆದ ಸಂಕೇತಗಳನ್ನು ನೀಡಿತು. ಇಂದಿನ ಮೊಬೈಲುಗಳು ಬಳಸುವುದು ಅದನ್ನೇ. ಹಳೆಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸುವ ಉಚಿತ ತಂತ್ರಾಂಶಗಳೂ ದೊರೆಯುತ್ತವೆ.

ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ತಂತ್ರಾಂಶ ಕ್ಷೇತ್ರದಲ್ಲಿ ದುಡಿಯುತ್ತಿದ್ದಾರೆ. ದೂರದೇಶದ ಸಂಸ್ಥೆಗಳ ಲೆಕ್ಕಪತ್ರಗಳನ್ನು ಜೋಪಾನ ಮಾಡುವ ಅವರು ಒಂದು ಭಾನುವಾರವನ್ನು ಅಜ್ಜನ ಕಡತಗಳಿಗೆ ಮೀಸಲಿಟ್ಟರೆ ಸಾಕು. ಪರಿವರ್ತನೆಯಲ್ಲಿ ಒತ್ತಕ್ಷರಗಳು ತಪ್ಪುವುದುಂಟು. ಮುತ್ತಜ್ಜಿಯ ಹೆಸರನ್ನು, ಬಿಟ್ಟುಬಂದ ಊರಿನ ಹೆಸರನ್ನು ಸರಿಯಾಗಿ ತಿದ್ದಬಲ್ಲವರು ಬರೆದವರೇ. ಆದ್ದರಿಂದ ಅವರು ನಮ್ಮೊಡನಿರುವಾಗಲೇ ಈ ಕೆಲಸ ಆಗಬೇಕು. ತಿದ್ದಿದ ಮೇಲೆ ಒಂದು ಪ್ರತಿಯನ್ನು ಕಾಗದದ ಮೇಲೂ ಅಚ್ಚು ಹಾಕಿಸಿ ಇಡುವುದು ಲೇಸು.

ಯಂತ್ರಗಳು ಬದಲಾಗುತ್ತಲೇ ಇರುತ್ತವೆ. ಬರಹವನ್ನು ಉಳಿಸಿಕೊಳ್ಳುವ ಹೊಣೆ ಮನೆಯವರಾದ ನಮ್ಮದು.