ಮೊದಲು ಪರೀಕ್ಷೆ, ಅನಂತರ ಯಂತ್ರ



ಸಸ್ಯಜನ್ಯ ಪದಾರ್ಥಗಳಿಂದ ಆಹಾರ ಕಟ್ಟುವ ತೆಳುಪೊರೆ, ಅಂದರೆ ಫಿಲ್ಮ್, ತಯಾರಿಸುವ ವಿಚಾರ ಈಗ ಹಲವೆಡೆ ಕೇಳಿಬರುತ್ತಿದೆ. ಇದು ಬರಿಯ ಪ್ಲಾಸ್ಟಿಕ್ಕಿನ ಬದಲಿಯಲ್ಲ. ಒಳಗಿನ ಆಹಾರಕ್ಕೆ ಬೂಷ್ಟು ಹಿಡಿಯದಂತೆ, ಅದು ಬೇಗ ಕೆಡದಂತೆ ತಡೆಯುವ ಗುಣವೂ ಇದಕ್ಕಿದೆ. ಇದಕ್ಕೆ ಬಳಸಬಹುದಾದ ಲವಂಗ, ದಾಲ್ಚಿನ್ನಿ, ಅರಶಿನ, ಪುನರ್ಪುಳಿ, ಅಡಿಕೆಯ ಚೊಗರು, ಕಾಫಿ ಸಿಪ್ಪೆ ಎಲ್ಲವೂ ತೋಟಗಾರರ ಮಾಲುಗಳೇ. ಆದ್ದರಿಂದ ನಾವೂ ಒಂದು ಘಟಕ ಹಾಕಿದರೇನು ಎಂಬ ಪ್ರಶ್ನೆ ಸಹಜ. ಹಾಕೋಣ, ಆದರೆ ಯಂತ್ರಕ್ಕಿಂತ ಮೊದಲು ಪರೀಕ್ಷೆಗೆ ಹಣ ತೊಡಗಿಸೋಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲೆಯಲ್ಲಿ ಆಹಾರ ಕಟ್ಟುವುದು ನಮಗೆ ಹೊಸದಲ್ಲ. ಹಲಸಿನೆಲೆಯ ಕೊಟ್ಟಿಗೆ, ಕೇದಗೆ ಜಾತಿಯ ಎಲೆಯ ಮೂಡೆ, ಅರಶಿನ ಎಲೆಯ ಕಡುಬು ನಮ್ಮ ಅಡುಗೆಮನೆಯ ಮಾತುಗಳು. ಹೊಸ ಪೊರೆಯ ತಯಾರಿಯೂ ಮಾಂಬಳ ಹರಡಿದಂತೆಯೇ. ಪಿಷ್ಟವನ್ನೋ ಹಣ್ಣಿನ ಸಿಪ್ಪೆಯ ಪೆಕ್ಟಿನನ್ನೋ ನೀರಿನಲ್ಲಿ ಕಾಯಿಸಿ, ಒಡೆಯದೆ ಬಾಗುವಂತೆ ಗ್ಲಿಸರಿನ್ ಸೇರಿಸಿ, ತೆಳ್ಳಗೆ ಹರಡಿ ಒಣಗಿಸುತ್ತಾರೆ. ಲವಂಗದ ಯೂಜಿನಾಲ್, ದಾಲ್ಚಿನ್ನಿ ತೊಗಟೆಯ ಸಿನ್ನಮಾಲ್ಡಿಹೈಡ್ ಮುಂತಾದ ಅಂಶಗಳನ್ನು ಅದರೊಳಗೆ ಬೆರೆಸುತ್ತಾರೆ. ಇವು ಸೂಕ್ಷ್ಮಜೀವಿಗಳ ಕೋಶದ ಹೊರಪದರವನ್ನು ಹಾಳುಗೆಡವುತ್ತವೆ. ಅರಶಿನ ಸೇರಿಸಿದ ಪೊರೆಗೆ ಇನ್ನೊಂದು ಉಪಯೋಗವುಂಟು. ಆರತಿಯ ಕುರ್ದಿ ನೀರಿನಲ್ಲಿ ಸುಣ್ಣ ಬಿದ್ದೊಡನೆ ಅರಶಿನ ಕೆಂಪಾಗುವುದಿಲ್ಲವೇ? ಮೀನು ಕೆಡುವಾಗ ಹೊರಡುವ ಕ್ಷಾರ ಗುಣದ ಆವಿಗೂ ಪೊರೆಯ ಬಣ್ಣ ಹಾಗೆಯೇ ಕೆಂಪಿನ ಕಡೆಗೆ ತಿರುಗುತ್ತದೆ.

ಕೊರತೆಗಳೂ ಇವೆ. ಪಿಷ್ಟದ ಪೊರೆ ತೇವ ಹೀರಿ ಮೆತ್ತಗಾಗುತ್ತದೆ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಅದರ ಗತಿಯನ್ನು ಹೇಳಬೇಕಾಗಿಲ್ಲ. ತೇವ ತಡೆಯಲೆಂದು ಅಡಿಯಲ್ಲಿ ಪ್ಲಾಸ್ಟಿಕ್ ಅಂಟಿಸಿದರೆ ಅದು ಮಣ್ಣಿನಲ್ಲಿ ಕರಗದು, ಉದ್ದೇಶವೇ ಕೆಟ್ಟಿತು.

ಆದರೆ ಇವೆಲ್ಲಕ್ಕಿಂತ ಮುಖ್ಯವಾದ ವಿಷಯ ಬೇರೆ ಇದೆ. ಈ ಪೊರೆ ಕೆಲಸ ಮಾಡಬೇಕಾದರೆ ಅದರೊಳಗಿನ ಅಂಶ ಹೊರಬಂದು ಆಹಾರಕ್ಕೆ ತಾಗಲೇಬೇಕು. ನಮ್ಮ ಹಾಳೆ ತಟ್ಟೆಗೆ ಆಕ್ಷೇಪ ಬಂದದ್ದು ಇದೇ ಕಾರಣಕ್ಕೆ ಎಂಬುದನ್ನು ಮರೆಯಬಾರದು. ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ನಮ್ಮ ರಾಜ್ಯ 2016ರಲ್ಲಿ, ಕೇಂದ್ರ ಸರಕಾರ 2022ರ ಜುಲೈ 1ರಿಂದ ನಿಷೇಧಿಸಿದ ಮೇಲೆ ಹಾಳೆ ತಟ್ಟೆಗೆ ಒಳ್ಳೆಯ ಕಾಲ ಬಂತೆಂದು ನಾವು ಹಿಗ್ಗಿದೆವು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಹಾಳೆಯಿಂದ ಅರೆಕೊಲಿನ್ ಮೊದಲಾದ ಅಂಶಗಳು ಆಹಾರಕ್ಕೆ ಇಳಿಯಬಹುದೆಂದು ಹೇಳಿ, ಈ ತಟ್ಟೆಗಳು ಆಹಾರ ಬಡಿಸಲು ಅನುಮತಿ ಪಡೆದವಲ್ಲ ಎಂದು ಸಾರಿತು. ಹಾಳೆ ಹೆಕ್ಕಿ ಮಾರುವ ಮನೆಗಳಿಗೂ ತಟ್ಟೆ ಒತ್ತುವ ಹೆಂಗಸರಿಗೂ ಇದು ಅನ್ನದ ಪ್ರಶ್ನೆ.

ಅಜ್ಜನ ಕಾಲದಿಂದ ಹಾಳೆಯಲ್ಲಿ ಉಂಡಿದ್ದೇವೆ, ಏನಾಗಿದೆ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಕೊಳ್ಳುವವನಿಗೆ ಅದು ದಾಖಲೆಯಾಗದು. ಎಷ್ಟು ಬಿಸಿಯ ಸಾರಿಗೆ, ಎಷ್ಟು ಹೊತ್ತಿನಲ್ಲಿ, ಎಷ್ಟು ಅಂಶ ಇಳಿಯುತ್ತದೆ ಎಂಬ ಅಂಕಿಯನ್ನು ಅವನು ಕೇಳುತ್ತಾನೆ. ತಟ್ಟೆಯಲ್ಲಿ ಊಟ ಅರ್ಧ ಗಂಟೆ ಇದ್ದೀತು. ಪೊರೆಯೊಳಗೆ ಆಹಾರ ದಿನಗಟ್ಟಲೆ ಇರುತ್ತದೆ. ಎಲೆಯಲ್ಲಿ ಕಡುಬು ಬೇಯಿಸುವುದಕ್ಕೂ ನೂರಾರು ಎಲೆಗಳ ಎಣ್ಣೆಯನ್ನು ಭಟ್ಟಿ ಇಳಿಸಿ ಪೊರೆಗೆ ಬೆರೆಸುವುದಕ್ಕೂ ಅಂತರವಿದೆ. ಗಿಡದಿಂದ ಬಂದದ್ದೆಲ್ಲ ನಿರಪಾಯವೆಂದು ಅಡಿಕೆ ಬೆಳೆಗಾರರಾದ ನಾವು ಹೇಳಹೊರಟರೆ ಯಾರೂ ಒಪ್ಪಲಾರರು.

ಪರೀಕ್ಷೆಯ ಖರ್ಚನ್ನು ಆಲೆಟ್ಟಿಯ ಎರಡು ಮೂರು ಎಕರೆಯ ಹಿಡುವಳಿದಾರ ಒಬ್ಬನೇ ಹೊರಲಾರ. ಸಹಕಾರ ಇರುವುದೇ ಇದಕ್ಕಾಗಿ. ಅಡಿಕೆ ಧಾರಣೆಗೆ ರಕ್ಷಣೆ ಬೇಕಾದಾಗ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಕೊಕ್ಕೊ ಕೊಳ್ಳುವವರು ಹಿಂಜರಿದಾಗ ಅದೇ ಸಂಸ್ಥೆ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಈಗ ಅಗತ್ಯವಿರುವುದು ಅಂಥದೇ ಒಗ್ಗಟ್ಟು.

ಆದ್ದರಿಂದ ನನ್ನ ಸೂಚನೆಗಳು ಮೂರು. ಒಂದು, ನೆರೆಯ ಸಂಘಗಳೊಡನೆ ಸೇರಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವನ್ನೂ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯನ್ನೂ ಕಾಣಬೇಕು. ಹಾಳೆಯ ಪರೀಕ್ಷೆಯನ್ನೂ ಪೊರೆಯ ಪರೀಕ್ಷೆಯನ್ನೂ ಒಟ್ಟಿಗೇ ಕೇಳಬೇಕು. ಎರಡು, ಪೊರೆಯ ಪ್ರಯೋಗ ಮೊದಲು ಜನ ತಿಂದು ಬಲ್ಲ ಲವಂಗ, ದಾಲ್ಚಿನ್ನಿ, ಅರಶಿನ, ಪುನರ್ಪುಳಿಗಳಿಂದ ನಡೆಯಲಿ. ಚೊಗರಿನ ಸರದಿ ಅದರ ಅಂಕಿ ಕೈಗೆ ಬಂದ ಮೇಲೆ. ಅಡಿಕೆ ಬೆಳೆಗಾರನಾಗಿ ಇದನ್ನು ಹೇಳುವುದು ನನಗೆ ಹಿತವಲ್ಲ, ಆದರೂ ಹೇಳಬೇಕಾಗಿದೆ. ಮೂರು, ಯಾವ ತೋಟದ ಮಾಲು, ಬೋರ್ಡೋ ಸೇರಿದಂತೆ ಏನು ಸಿಂಪಡಿಸಿದೆ, ಯಾವಾಗ ಎಂಬ ಲೆಕ್ಕವನ್ನು ಸದಸ್ಯರು ಈಗಿನಿಂದಲೇ ಬರೆದಿಡಬೇಕು. ಅದಕ್ಕೆ ಖರ್ಚೇನೂ ಇಲ್ಲ.

ಯಂತ್ರ ಮಾರುವವರು ಬೇಕಾದಷ್ಟು ಜನ ಬರುತ್ತಾರೆ. ಮಾಲು ಹಿಂದೆ ಬಂದ ದಿನ ಅವರು ಇರುವುದಿಲ್ಲ. ಸಾಲದ ಕಂತು ಮಾತ್ರ ಇರುತ್ತದೆ. ಈ ವಿಷಯ ಮುಂದಿನ ಮಹಾಸಭೆಯಲ್ಲಿ ಚರ್ಚೆಗೆ ಬರಲಿ ಎಂದು ಕೋರುತ್ತೇನೆ.

– ಕಾರ್ಯದರ್ಶಿ