ಊರು ತಿಂದವರಿಗೆ ಎಷ್ಟು ವರ್ಷ?

2017ನೆಯ ಇಸವಿ ಆಗಸ್ಟ್ 25ರ ಬೆಳಗ್ಗೆ ಬ್ಯಾಂಕಾಕ್ ನಗರದ ಸರ್ವೋಚ್ಚ ನ್ಯಾಯಾಲಯದ ಮುಂದೆ ದೊಡ್ಡ ಜನಸಂದಣಿ ನೆರೆದಿದ್ದಿತು. ಥಾಯ್‌ಲೆಂಡಿನ ಮಾಜಿ ಪ್ರಧಾನಿ ಯಿಂಗ್‌ಲಕ್ ಶಿನವಾತ್ರರ ಮೇಲಣ ಮೊಕದ್ದಮೆಯ ತೀರ್ಪನ್ನು ಅಂದು ಓದಬೇಕಾಗಿದ್ದಿತು. ಅಭಿಮಾನಿಗಳು ಬಂದರು, ಪೊಲೀಸರು ಬಂದರು, ನ್ಯಾಯಾಧೀಶರೂ ಬಂದರು. ಆಕೆ ಮಾತ್ರ ಬರಲಿಲ್ಲ. ಕಿವಿಯ ಬೇನೆಯೆಂದು ವಕೀಲರು ಅರ್ಜಿ ಕೊಟ್ಟರು. ನ್ಯಾಯಾಲಯ ಅದನ್ನು ನಂಬಲಿಲ್ಲ. ಮೂರು ಕೋಟಿ ಬಾತ್‌ಗಳ ಜಾಮೀನನ್ನು ಮುಟ್ಟುಗೋಲು ಹಾಕಿಕೊಂಡು ದಸ್ತಗಿರಿಯ ವಾರಂಟನ್ನು ಹೊರಡಿಸಿತು. ಅಷ್ಟರಲ್ಲಿ ಆಕೆ ಗಡಿಯನ್ನು ದಾಟಿಯಾಗಿದ್ದಿತು.

ಆದರೆ ಅದೇ ದಿನ, ಅದೇ ನ್ಯಾಯಾಲಯದಲ್ಲಿ, ಓಡಿಹೋಗದೆ ನಿಂತಿದ್ದವರ ತೀರ್ಪೂ ಹೊರಬಿದ್ದಿತು. ಆಕೆಯ ಸಂಪುಟದಲ್ಲಿ ವಾಣಿಜ್ಯ ಸಚಿವರಾಗಿದ್ದ ಬೂನ್‌ಸಾಂಗ್ ತೆರಿಯಾಪಿರೋಮ್ ಅವರಿಗೆ 42 ವರ್ಷಗಳ ಸೆರೆಮನೆ. ಉಪಸಚಿವ ಪೂಮ್ ಸಾರಾಪೋಲ್ ಅವರಿಗೆ 36. ಅಕ್ಕಿಯ ದೊಡ್ಡ ವರ್ತಕರೊಬ್ಬರಿಗೆ 48. ಮಾರನೆಯ ತಿಂಗಳು ಯಿಂಗ್‌ಲಕ್ ಅವರಿಗೆ ಅವರ ಗೈರುಹಾಜರಿಯಲ್ಲಿಯೇ ಐದು ವರ್ಷಗಳ ಶಿಕ್ಷೆಯಾಯಿತು. ಕೊಲೆಗಾರನಿಗೂ ಇಷ್ಟು ವರ್ಷಗಳ ಸೆರೆ ಸಿಕ್ಕುವುದಿಲ್ಲವಲ್ಲ ಎಂದು ಕೆಲವರು ಮೂಗಿನ ಮೇಲೆ ಬೆರಳಿಟ್ಟರು. ದೇಶದ ಬೊಕ್ಕಸವನ್ನು ನುಂಗಿ ನೀರು ಕುಡಿದವರಿಗೆ ಇದೂ ಕಡಿಮೆಯೇ ಎಂದರು ಮತ್ತೆ ಕೆಲವರು. ಅಂದು ಎದ್ದ ವಾದ ಆ ದೇಶದಲ್ಲಿ ಅಲ್ಲಿಗೇ ತಣ್ಣಗಾಗಲಿಲ್ಲ.

ಕನ್ನಡಿಗರು ಲಂಚವನ್ನು ‘ತಿನ್ನುತ್ತಾರೆ’. ಥಾಯ್ ಭಾಷೆಯಲ್ಲಿಯೂ ಅದನ್ನು ತಿನ್ನುವುದೇ. ಅಲ್ಲಿ ‘ಕಿನ್ ಮುವಾಂಗ್’ ಎಂಬ ಹಳೆಯ ಮಾತೊಂದುಂಟು; ‘ಊರು ತಿನ್ನುವುದು’ ಎಂದು ಅದರ ಅರ್ಥ. ಸ್ವಾರಸ್ಯವೆಂದರೆ, ಮೊದಲಿಗೆ ಅದು ಬೈಗುಳವಾಗಿರಲಿಲ್ಲ. ಸಯಾಮಿನ ಅರಸರು ಪ್ರಾಂತಾಧಿಕಾರಿಗಳಿಗೆ ಸಂಬಳ ಕೊಡುತ್ತಿರಲಿಲ್ಲ. ವಸೂಲಾದ ಕಂದಾಯ, ಕಾಣಿಕೆ, ದಂಡಗಳಲ್ಲಿ ಒಂದು ಪಾಲನ್ನು ಉಳಿಸಿಕೊಂಡು ಅವರು ಬಾಳಬೇಕಾಗಿದ್ದಿತು. ಊರನ್ನು ತಿಂದು ಊರನ್ನು ಆಳುವುದು ಅಧಿಕಾರಿಯ ಹಕ್ಕಾಗಿದ್ದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಚುಲಾಲಂಗ್‌ಕರ್ಣ್ ಮಹಾರಾಜರು ಆಡಳಿತವನ್ನು ತಿದ್ದಿ ಸಂಬಳದ ಪದ್ಧತಿಯನ್ನು ತಂದರು. ಪದ್ಧತಿ ಹೋಯಿತು, ಮಾತು ಉಳಿಯಿತು. ಹಕ್ಕಾಗಿದ್ದದ್ದು ಕಾಯಿದೆಯ ಕಣ್ಣಿನಲ್ಲಿ ಅಪರಾಧವಾದುದು ಹೀಗೆ.

ಆದರೂ ಬಹುಕಾಲ ದೊಡ್ಡವರಾರೂ ಸೆರೆಮನೆಯನ್ನು ನೋಡಲಿಲ್ಲ. ಫೀಲ್ಡ್ ಮಾರ್ಷಲ್ ಸರಿತ್ ಥನರತ್ ಅವರ ಕಥೆಯನ್ನು ಥಾಯ್ ಜನ ಇಂದಿಗೂ ಮರೆತಿಲ್ಲ. 1959ರ ತಾತ್ಕಾಲಿಕ ಸಂವಿಧಾನದ 17ನೆಯ ವಿಧಿಯ ಬಲದಿಂದ ವಿಚಾರಣೆಯೇ ಇಲ್ಲದೆ ಮನುಷ್ಯರನ್ನು ಗುಂಡಿಕ್ಕಿಸಿದ ಕಠೋರ ಶಿಸ್ತಿನ ಸರ್ವಾಧಿಕಾರಿ ಆತ. 1963ರ ಡಿಸೆಂಬರಿನಲ್ಲಿ ಆತ ತೀರಿಕೊಂಡಮೇಲೆ ಆಸ್ತಿಗಾಗಿ ಮನೆಯವರೊಳಗೆ ವ್ಯಾಜ್ಯ ಹುಟ್ಟಿ, ಗುಟ್ಟೆಲ್ಲ ಬೀದಿಗೆ ಬಂದಿತು. ಜಮೀನು, ಕಂಪೆನಿಗಳು, ಬ್ಯಾಂಕಿನ ಲೆಕ್ಕ, ಹತ್ತಾರು ಉಪಪತ್ನಿಯರ ಮನೆಗಳು! ಉತ್ತರಾಧಿಕಾರಿಯಾದ ಥನೋಂ ಕಿತ್ತಿಕಾಚೋರ್ನ್ ಅದೇ 17ನೆಯ ವಿಧಿಯನ್ನು ಹಿಡಿದು, ಸತ್ತವರ ಆಸ್ತಿಯಲ್ಲಿ 60 ಕೋಟಿ 40 ಲಕ್ಷ ಬಾತ್‌ಗಳನ್ನು ಸರ್ಕಾರಕ್ಕೆ ಸೇರಿಸಿಕೊಂಡರು. ಶಿಕ್ಷೆಯನ್ನು ಅನುಭವಿಸಬೇಕಾದವರು ಆ ಹೊತ್ತಿಗೆ ಕಾಯಿದೆಯ ಕೈಗೆ ಎಟುಕದ ಕಡೆ ಹೋಗಿದ್ದರು.

1997ರ ಸಂವಿಧಾನ ಈ ಸ್ಥಿತಿಗೆ ಮದ್ದನ್ನು ಹುಡುಕಿತು. ಭ್ರಷ್ಟಾಚಾರ ನಿಗ್ರಹಕ್ಕೆ ಸ್ವತಂತ್ರವಾದ ರಾಷ್ಟ್ರೀಯ ಆಯೋಗ. ರಾಜಕೀಯ ಸ್ಥಾನಗಳಲ್ಲಿರುವವರ ವಿಚಾರಣೆಗೆಂದೇ ಸರ್ವೋಚ್ಚ ನ್ಯಾಯಾಲಯದಲ್ಲಿ ಒಂದು ಪ್ರತ್ಯೇಕ ವಿಭಾಗ. ಆ ಆಯೋಗಕ್ಕೆ ಸಿಕ್ಕಿದ ಮೊದಲ ದೊಡ್ಡ ಬೇಟೆಗಳಲ್ಲಿ ಆರೋಗ್ಯ ಸಚಿವರಾಗಿದ್ದ ರಕ್ಕಿಯಟ್ ಸುಕ್ತಾನಾ ಒಬ್ಬರು. ಔಷಧದ ಕಂಪೆನಿಯಿಂದ 50 ಲಕ್ಷ ಬಾತ್ ಲಂಚ ಪಡೆದುದಕ್ಕೆ 2003ರಲ್ಲಿ ಅವರಿಗೆ 15 ವರ್ಷಗಳ ಶಿಕ್ಷೆಯಾಯಿತು. ಅವರೂ ತಪ್ಪಿಸಿಕೊಂಡು ಹೋದರು; ಮರುವರ್ಷ ಸಿಕ್ಕಿಬಿದ್ದರು. ಸಚಿವನೊಬ್ಬ ಖೈದಿಯ ಅಂಗಿ ತೊಡುವುದನ್ನು ಜನ ಕಂಡದ್ದು ದೊಡ್ಡ ಸೋಜಿಗವಾಗಿದ್ದಿತು.

ಹದಿನೈದು ಇದ್ದದ್ದು ನಲವತ್ತೆರಡಾದುದು ಹೇಗೆ? ಇದರಲ್ಲಿ ಕ್ರೌರ್ಯಕ್ಕಿಂತ ಕೂಡುಲೆಕ್ಕವೇ ಹೆಚ್ಚು. ಥಾಯ್ ನ್ಯಾಯಾಲಯಗಳು ಒಂದೊಂದು ಕೃತ್ಯಕ್ಕೂ ಬೇರೆ ಬೇರೆ ಶಿಕ್ಷೆಯನ್ನು ಎಣಿಸಿ, ಎಲ್ಲವನ್ನೂ ಒಂದರ ಮೇಲೊಂದು ಪೇರಿಸುತ್ತವೆ. ಅನಂತರ ದಂಡಸಂಹಿತೆಯ 91ನೆಯ ವಿಧಿ ಅಡ್ಡ ಬಂದು, ಅಪರಾಧದ ಗುರುತ್ವಕ್ಕೆ ತಕ್ಕಂತೆ ಹತ್ತು, ಇಪ್ಪತ್ತು ಅಥವಾ ಐವತ್ತು ವರ್ಷಗಳಲ್ಲಿ ಗೆರೆ ಎಳೆಯುತ್ತದೆ. ಬಡವರ ಮನೆ ಕಟ್ಟಿಸುವ ಯೋಜನೆಯಲ್ಲಿ ಲಂಚದ ಆರೋಪಕ್ಕೆ ಗುರಿಯಾದ ಮಾಜಿ ಸಚಿವ ವಟಾನಾ ಮುವಾಂಗ್‌ಸುಕ್ ಅವರಿಗೆ 2020ರಲ್ಲಿ ಎಣಿಸಿದ ಶಿಕ್ಷೆ 99 ವರ್ಷ. ಕಾಯಿದೆಯಂತೆ ನಿಂತದ್ದು ಐವತ್ತಕ್ಕೆ. ರಾಜಕಾರಣಿಗಳಲ್ಲದವರಲ್ಲಿ ಈ ಲೆಕ್ಕ ಇನ್ನೂ ವಿಚಿತ್ರವಾದ ಎತ್ತರಕ್ಕೆ ಹೋದದ್ದುಂಟು. ಹಣಕ್ಕೆ ಭಾರಿ ಲಾಭ ಕೊಡುವೆನೆಂದು ಸಾವಿರಾರು ಮಂದಿಯನ್ನು ವಂಚಿಸಿದ ಚಾಮೋಯ್ ತಿಪ್ಯಾಸೋ ಎಂಬ ಹೆಂಗಸಿಗೆ 1989ರಲ್ಲಿ ವಿಧಿಸಿದ ಶಿಕ್ಷೆ 1,41,078 ವರ್ಷ. ಆಕೆ ಸೆರೆಯಲ್ಲಿ ಇದ್ದದ್ದು ಎಂಟು ವರ್ಷಗಳಿಗೂ ತುಸು ಕಡಿಮೆ.

ಲಂಚ ತೆಗೆದುಕೊಂಡ ಅಧಿಕಾರಿಗೆ ಐದರಿಂದ ಇಪ್ಪತ್ತು ವರ್ಷ, ಆಜೀವ ಸೆರೆ, ಕಡೆಗೆ ಮರಣದಂಡನೆಯನ್ನು ಕೂಡ ದಂಡಸಂಹಿತೆಯ 149ನೆಯ ವಿಧಿ ಹೇಳುತ್ತದೆ. 2015ರಲ್ಲಿ ಸೇನಾಸರ್ಕಾರ ಇದೇ ಭಯವನ್ನು ವಿದೇಶೀ ಅಧಿಕಾರಿಗಳಿಗೂ ವಿಸ್ತರಿಸಿತು. ಕಾಯಿದೆಯ ಮಾತು ಗುಡುಗಿದಷ್ಟು ಆಡಳಿತ ಶುಚಿಯಾಯಿತೆ? ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆ ವರ್ಷವರ್ಷವೂ ಕೊಡುವ ನೂರರ ಮಾನದಲ್ಲಿ ಥಾಯ್‌ಲೆಂಡಿಗೆ 2014ರಲ್ಲಿ ಸಿಕ್ಕಿದ ಅಂಕ 38. ಹತ್ತು ವರ್ಷಗಳ ಮೇಲೆ, 2024ರಲ್ಲಿ, 34. ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ನಿಶ್ಚಯವೇ ಅಪರಾಧವನ್ನು ತಡೆಯುವುದೆಂದು ಇಟಲಿಯ ಬೆಕ್ಕಾರಿಯಾ 1764ರಲ್ಲಿಯೇ ವಾದಿಸಿದ್ದನು. ಬ್ಯಾಂಕಾಕಿನ ವಿಮರ್ಶಕರು ಹೇಳುವುದೂ ಬಹುಮಟ್ಟಿಗೆ ಅದನ್ನೇ.

ಶಿಕ್ಷೆಯ ಅಳತೆ ದೇಶದಿಂದ ದೇಶಕ್ಕೆ ಹೇಗೆ ಬದಲಾಗುವುದೆಂಬುದಕ್ಕೆ ಪ್ರವಾಸೋದ್ಯಮ ಇಲಾಖೆಯ ಒಂದು ಪ್ರಕರಣ ಕಣ್ಣಿಗೆ ಕಟ್ಟುವಂತಿದೆ. ಆ ಇಲಾಖೆಯ ಮುಖ್ಯಸ್ಥೆಯಾಗಿದ್ದ ಜುತಾಮಸ್ ಸಿರಿವಾನ್, ಬ್ಯಾಂಕಾಕ್ ಚಲನಚಿತ್ರೋತ್ಸವವನ್ನು ನಡೆಸುವ ಗುತ್ತಿಗೆಗಾಗಿ ಹಾಲಿವುಡ್ಡಿನ ನಿರ್ಮಾಪಕ ದಂಪತಿಗಳಿಂದ ಸುಮಾರು 18 ಲಕ್ಷ ಡಾಲರ್ ಲಂಚ ಪಡೆದರೆಂದು ತೀರ್ಮಾನವಾಯಿತು. ಕೊಟ್ಟವರಿಗೆ 2010ರಲ್ಲಿ ಅಮೆರಿಕದ ನ್ಯಾಯಾಲಯ ವಿಧಿಸಿದ್ದು ಆರು ತಿಂಗಳ ಸೆರೆ, ಮೇಲೆ ಆರು ತಿಂಗಳ ಗೃಹಬಂಧನ. ಪಡೆದವರಿಗೆ 2017ರಲ್ಲಿ ಥಾಯ್ ನ್ಯಾಯಾಲಯ ವಿಧಿಸಿದ್ದು 50 ವರ್ಷ, ಮಗಳಿಗೆ 44. ಆ ಹೊತ್ತಿಗೆ ತಾಯಿಗೆ ಎಪ್ಪತ್ತರ ಪ್ರಾಯ. ಅಧಿಕಾರದಲ್ಲಿದ್ದವರ ಹೊಣೆ ದೊಡ್ಡದೆಂಬುದು ನಿಜ. ಆದರೂ ಒಂದೇ ನಾಣ್ಯದ ಎರಡು ಮುಖಗಳಿಗೆ ಇಷ್ಟು ಅಂತರವಿರಬೇಕೆ ಎಂದು ಯಾರಾದರೂ ಕೇಳಿದರೆ ಉತ್ತರ ಸುಲಭವಲ್ಲ.

ಮತ್ತೆ ಅಕ್ಕಿಯ ವಿಷಯ. 2011ರ ಚುನಾವಣೆಯಲ್ಲಿ ಯಿಂಗ್‌ಲಕ್ ರೈತರಿಗೆ ಮಾತು ಕೊಟ್ಟಿದ್ದರು: ಒಂದು ಟನ್ ಸಾಧಾರಣ ಭತ್ತಕ್ಕೆ 15,000 ಬಾತ್, ಸುವಾಸನೆಯ ಮಲ್ಲಿಗೆ ಭತ್ತಕ್ಕೆ 20,000. ಪೇಟೆಯ ಧಾರಣೆಗಿಂತ ಅದು ಸುಮಾರು ಅರ್ಧದಷ್ಟು ಹೆಚ್ಚು. ಲೋಕದ ಅಕ್ಕಿಯ ಪೇಟೆಯಲ್ಲಿ ಥಾಯ್‌ಲೆಂಡ್ ಮೊದಲಿಗ. ತಾನು ಬಿಗಿಹಿಡಿದರೆ ಬೆಲೆ ಏರುವುದೆಂದು ಅದರ ಎಣಿಕೆ. ಆದರೆ 2011ರ ಸೆಪ್ಟೆಂಬರಿನಲ್ಲಿಯೇ ಭಾರತ ತನ್ನ ಸಾಧಾರಣ ಅಕ್ಕಿಯ ರಫ್ತಿನ ನಿರ್ಬಂಧವನ್ನು ತೆಗೆದುಹಾಕಿದ್ದಿತು. ಬೆಲೆ ಏರಲಿಲ್ಲ, ಮರುವರ್ಷ ಮೊದಲ ಸ್ಥಾನವೂ ಭಾರತದ ಪಾಲಾಯಿತು. ಥಾಯ್ ಉಗ್ರಾಣಗಳಲ್ಲಿ ಅಕ್ಕಿ ಬೆಟ್ಟವಾಗಿ ಬೆಳೆಯಿತು. 2014ರ ಮೊದಲ ತಿಂಗಳುಗಳಲ್ಲಿ ಭತ್ತ ಒಪ್ಪಿಸಿದ ರೈತರಿಗೆ ಹಣವೇ ಬಾರದೆ, ಅವರು ರಾಜಧಾನಿಯ ಬೀದಿಗಿಳಿದರು.

ಇಲ್ಲಿಯವರೆಗೆ ಇದು ಬೆಪ್ಪುತನ, ಅಪರಾಧವಲ್ಲ. ಅಪರಾಧ ಸಿಕ್ಕಿದ್ದು ಮಾರಾಟದ ಕಾಗದಗಳಲ್ಲಿ. ಚೀನಾ ಸರ್ಕಾರಕ್ಕೆ, ಸರ್ಕಾರದಿಂದ ಸರ್ಕಾರಕ್ಕೆ, ಅಕ್ಕಿಯನ್ನು ಮಾರಿದೆವೆಂದು ವಾಣಿಜ್ಯ ಸಚಿವಾಲಯ ದಾಖಲೆ ತೋರಿಸಿತು. ಕೊಂಡವರೆನಿಸಿಕೊಂಡ ಕಂಪೆನಿಗಳಲ್ಲಿ ಒಂದು, ಹೆಸರೇ ಹೇಳುವಂತೆ, ಗ್ವಾಂಗ್‌ಡಾಂಗ್ ಪ್ರಾಂತದ ಲೇಖನಸಾಮಗ್ರಿ ಮತ್ತು ಕ್ರೀಡಾಸಾಮಗ್ರಿಗಳ ವ್ಯಾಪಾರದ್ದು! ಅಕ್ಕಿ ಸಮುದ್ರ ದಾಟಲೇ ಇಲ್ಲ. ಕಡಿಮೆ ಬೆಲೆಗೆ ಹೊರಟದ್ದು ದೇಶದೊಳಗಿನ ವರ್ತಕರ ಕೈ ಸೇರಿತು. ಬೂನ್‌ಸಾಂಗ್ ಮತ್ತು ಸಂಗಡಿಗರ ವರ್ಷಗಳು ಬೆಳೆದದ್ದು ಈ ಸುಳ್ಳು ಒಪ್ಪಂದಗಳಿಂದ. ಯಿಂಗ್‌ಲಕ್ ಅವರ ತಪ್ಪು, ತೀರ್ಪಿನ ಪ್ರಕಾರ, ಭತ್ತದ ಯೋಜನೆಯಲ್ಲ. ಈ ಮೋಸ ಗೊತ್ತಿದ್ದೂ ತಡೆಯದೆ ಹೋದದ್ದು.

ಈ ಸೂಕ್ಷ್ಮವನ್ನು ವಾದಿಸುವವರು ಎರಡು ಕಡೆಯಲ್ಲಿಯೂ ಮರೆತುಬಿಟ್ಟರು. ಈಶಾನ್ಯ ಪ್ರಾಂತಗಳ ರೈತನಿಗೆ ತೋರಿದ್ದು ಇಷ್ಟೆ: ತನಗೆ ಒಳ್ಳೆಯ ಬೆಲೆ ಕೊಟ್ಟ ಹೆಣ್ಣುಮಗಳನ್ನು ದೇಶ ಬಿಡಿಸಿದರು. ಬ್ಯಾಂಕಾಕಿನ ಮಧ್ಯಮವರ್ಗಕ್ಕೆ ತೋರಿದ್ದು ಬೇರೆ: ತಾವು ಕಟ್ಟಿದ ತೆರಿಗೆಯಿಂದ ವೋಟು ಕೊಂಡವರು ಕಡೆಗೂ ಸಿಕ್ಕಿಬಿದ್ದರು. 2014ರ ಮೇ 22ರಂದು ಚುನಾಯಿತ ಸರ್ಕಾರವನ್ನು ಉರುಳಿಸಿದ ಸೇನಾನಿಗಳ ಆಳ್ವಿಕೆಯಲ್ಲಿಯೇ ಈ ತೀರ್ಪುಗಳೆಲ್ಲ ಬಂದದ್ದು ಶಂಕೆಯನ್ನು ಹೆಚ್ಚಿಸಿತು.

ಶಂಕೆಗೆ ಕಾರಣಗಳೂ ಇದ್ದವು. 2017ರ ಡಿಸೆಂಬರಿನಲ್ಲಿ, ಹೊಸ ಸಂಪುಟದ ಗುಂಪುಚಿತ್ರ ತೆಗೆಯುವಾಗ, ಉಪಪ್ರಧಾನಿ ಜನರಲ್ ಪ್ರವಿತ್ ವೊಂಗ್‌ಸುವಾನ್ ಬಿಸಿಲಿಗೆ ಕೈ ಅಡ್ಡ ಹಿಡಿದರು. ಮಣಿಕಟ್ಟಿನಲ್ಲಿ ಹೊಳೆದದ್ದು ಬಹು ದುಬಾರಿಯ ಗಡಿಯಾರ. ಹಳೆಯ ಫೋಟೋಗಳನ್ನು ಜನ ಹುಡುಕತೊಡಗಿದರು; ಒಂದಾದಮೇಲೊಂದರಂತೆ ಇಪ್ಪತ್ತಕ್ಕೂ ಹೆಚ್ಚು ಗಡಿಯಾರಗಳು ಕಂಡವು. ಆಸ್ತಿಯ ಪಟ್ಟಿಯಲ್ಲಿ ಅವು ಇರಲಿಲ್ಲ. ತೀರಿಹೋದ ಸ್ನೇಹಿತನಿಂದ ಎರವಲು ಪಡೆದವು ಎಂಬ ಸಮಾಧಾನವನ್ನು, ಮರುವರ್ಷದ ಕೊನೆಯಲ್ಲಿ, ಭ್ರಷ್ಟಾಚಾರ ನಿಗ್ರಹ ಆಯೋಗ ಐದಕ್ಕೆ ಮೂರು ಮತಗಳಿಂದ ಒಪ್ಪಿಕೊಂಡಿತು. ಥಾಯ್ ಜನ ಇದಕ್ಕೆ ‘ಸೊಂಗ್ ಮಾತ್ರಥಾನ್’ ಎನ್ನುತ್ತಾರೆ. ‘ಎರಡು ಮಾನದಂಡ’ ಎಂದರ್ಥ. ‘ಮಾತ್ರ’, ‘ಸ್ಥಾನ’ಗಳ ಗುರುತು ಕನ್ನಡದ ಕಿವಿಗೂ ಹತ್ತುವಂತಿದೆ.

ದೀರ್ಘ ಶಿಕ್ಷೆಗೆ ಇನ್ನೊಂದು ವಿಪರೀತ ಫಲವೂ ಉಂಟು. ಹಣವಿದ್ದವರಿಗೆ ಗಡಿ ಹತ್ತಿರವಾಗುತ್ತದೆ. ಯಿಂಗ್‌ಲಕ್ ಅವರ ಅಣ್ಣ, ಮಾಜಿ ಪ್ರಧಾನಿ ತಾಕ್ಸಿನ್, ಒಂದು ಜಮೀನಿನ ಪ್ರಕರಣದಲ್ಲಿ 2008ರಲ್ಲಿ ಎರಡು ವರ್ಷಗಳ ಶಿಕ್ಷೆಗೆ ಗುರಿಯಾದಾಗ ವಿದೇಶದಲ್ಲಿದ್ದರು. ಹತ್ತು ವರ್ಷ ಕಳೆದು ಕಾಲಪರಿಮಿತಿ ತೀರಿ, ಆ ಶಿಕ್ಷೆ ತಾನಾಗಿಯೇ ಉದುರಿಹೋಯಿತು. ಓಡಿಹೋದವರ ವಿಷಯದಲ್ಲಿ ಕಾಲ ಓಡದಂತೆ 2017ರ ಕಾಯಿದೆ ಕಟ್ಟುಮಾಡಿತು. ಒಳಗೆ ಹೋದವರ ವರ್ಷಗಳಾದರೂ ಸ್ಥಿರವೇ? ರಾಜವಂಶದ ಶುಭದಿನಗಳಲ್ಲಿ ಖೈದಿಗಳಿಗೆ ಸಾಮೂಹಿಕವಾಗಿ ಕ್ಷಮೆ ನೀಡುವ ಪದ್ಧತಿ ಅಲ್ಲಿದೆ. ಮೇಲ್ಮನವಿಯಲ್ಲಿ 48ಕ್ಕೆ ಏರಿದ್ದ ಬೂನ್‌ಸಾಂಗ್ ಅವರ ಶಿಕ್ಷೆ ಹೀಗೆ ಕಂತುಕಂತಾಗಿ ಇಳಿಯಿತು. 2021ರ ಕೊನೆಯಲ್ಲಿ ಈ ಲೆಕ್ಕ ಹೊರಬಿದ್ದಾಗ, ಕಠಿಣ ಶಿಕ್ಷೆಯ ಪಕ್ಷದವರು ಕಿಡಿಕಿಡಿಯಾದರು. 2024ರ ಡಿಸೆಂಬರಿನಲ್ಲಿ ಅವರು ಪೆರೋಲಿನ ಮೇಲೆ ಹೊರಬಂದರು. ಒಳಗಿದ್ದದ್ದು ಏಳು ವರ್ಷಗಳಿಗೆ ತುಸು ಹೆಚ್ಚು.

ತಾಕ್ಸಿನ್ ಅವರದು ಇನ್ನೂ ಚಿಕ್ಕ ಕಥೆ. 2023ರ ಆಗಸ್ಟ್ 22ರಂದು ಹದಿನೈದು ವರ್ಷಗಳ ಅಜ್ಞಾತವಾಸದಿಂದ ಮರಳಿದರು; ಮೂರು ಪ್ರಕರಣಗಳಲ್ಲಿ ಒಟ್ಟು ಎಂಟು ವರ್ಷಗಳ ಶಿಕ್ಷೆ. ಅಂದೇ ರಾತ್ರಿ ಅಸ್ವಸ್ಥರಾಗಿ ಪೊಲೀಸ್ ಆಸ್ಪತ್ರೆಯ ಹದಿನಾಲ್ಕನೆಯ ಅಂತಸ್ತನ್ನು ಸೇರಿದರು. ರಾಜರ ಕ್ಷಮೆಯಿಂದ ಎಂಟು ಒಂದಾಯಿತು. ಆರು ತಿಂಗಳ ಮೇಲೆ ಆಸ್ಪತ್ರೆಯಿಂದಲೇ ಪೆರೋಲ್! ‘ಹದಿನಾಲ್ಕನೆಯ ಅಂತಸ್ತು’ ಎಂಬುದು ಬ್ಯಾಂಕಾಕಿನಲ್ಲಿ ಗಾದೆಯ ಮಾತಾಯಿತು. ಕಡೆಗೆ 2025ರ ಸೆಪ್ಟೆಂಬರ್ 9ರಂದು ಸರ್ವೋಚ್ಚ ನ್ಯಾಯಾಲಯ, ಆಸ್ಪತ್ರೆಯ ವಾಸ ಸೆರೆವಾಸವಲ್ಲ, ಒಂದು ವರ್ಷವನ್ನು ಸೆರೆಮನೆಯಲ್ಲಿಯೇ ಕಳೆಯತಕ್ಕದ್ದೆಂದು ಆಜ್ಞೆಮಾಡಿತು. ಎಪ್ಪತ್ತಾರರ ತಾಕ್ಸಿನ್ ಅಂದೇ ಸೆರೆಮನೆಗೆ ನಡೆದರು. ನಲವತ್ತೆರಡು, ನಲವತ್ತೆಂಟು ವರ್ಷಗಳ ತೀರ್ಪುಗಳಿಗಿಂತ ಈ ಒಂದು ವರ್ಷವೇ ಜನಮನವನ್ನು ಹೆಚ್ಚಾಗಿ ಕಲಕಿದಂತೆ ಕಾಣುತ್ತದೆ.

ನಷ್ಟದ ಹಣದ ಮಾತೂ ಉಳಿದಿದೆ. 17,800 ಕೋಟಿ ಬಾತ್‌ಗಳ ನಷ್ಟದಲ್ಲಿ ಐದರಲ್ಲೊಂದು ಪಾಲನ್ನು, ಎಂದರೆ ಸುಮಾರು 3,570 ಕೋಟಿಯನ್ನು, ಯಿಂಗ್‌ಲಕ್ ತೆರಬೇಕೆಂದು 2016ರಲ್ಲಿ ಸರ್ಕಾರ ಆಜ್ಞೆಮಾಡಿದ್ದಿತು. ಆಡಳಿತ ನ್ಯಾಯಾಲಯ 2021ರಲ್ಲಿ ಅದನ್ನು ರದ್ದುಪಡಿಸಿತು. 2025ರ ಮೇ ತಿಂಗಳಲ್ಲಿ ಮೇಲಿನ ನ್ಯಾಯಾಲಯ ಸುಮಾರು 1,000 ಕೋಟಿಗೆ ನಿಲ್ಲಿಸಿತು.

ಆ ಅಕ್ಕಿಯಲ್ಲಿ ಕೊನೆಯ 15,000 ಟನ್ನುಗಳು ಸುರಿನ್ ಪ್ರಾಂತದ ಎರಡು ಉಗ್ರಾಣಗಳಲ್ಲಿ ಹತ್ತು ವರ್ಷ ಬಿದ್ದಿದ್ದವು. 2024ರ ಮೇ ತಿಂಗಳಲ್ಲಿ ವಾಣಿಜ್ಯ ಸಚಿವ ಪುಮ್ತಾಮ್ ವೆಚಯಚಾಯ್ ಅಲ್ಲಿಗೆ ಹೋಗಿ, ಒಂದಿಷ್ಟನ್ನು ಬೇಯಿಸಿ, ಪತ್ರಕರ್ತರ ಕ್ಯಾಮರಾಗಳ ಮುಂದೆ ತಾವೇ ಉಂಡು ತೋರಿಸಿದರು. ಅಕ್ಕಿ ಕೆಟ್ಟಿಲ್ಲ, ಹರಾಜಿಗೆ ಯೋಗ್ಯವಾಗಿದೆ ಎಂದರು. ಹತ್ತು ವರ್ಷ ಔಷಧದ ಹೊಗೆ ಹಾಕಿದ ಅಕ್ಕಿಯನ್ನು ಮನುಷ್ಯರು ತಿನ್ನಬಹುದೇ ಎಂಬುದರ ಮೇಲೆ ಮತ್ತೆ ಒಂದು ತಿಂಗಳು ದೇಶವೆಲ್ಲ ವಾದ ನಡೆಯಿತು. ಜೂನ್ ತಿಂಗಳಲ್ಲಿ ಹರಾಜು ಕೂಗಿದರು.