ಉಪವಾಸಕ್ಕೆ ಮೊದಲು ಕೂಲಿ ಕೊಡಿ



ತಪಸ್ಸುಕಾಲ ಬಂದಿದೆ. ಹೋದ ವರ್ಷದ ಗರಿಗಳನ್ನು ಸುಟ್ಟ ಬೂದಿಯನ್ನು ಹಣೆಗೆ ಇಡಿಸಿಕೊಂಡಿದ್ದೇವೆ. ಶುಕ್ರವಾರ ಮಾಂಸ ಬಿಟ್ಟಿದ್ದೇವೆ. ಸಂಜೆ ಮನೆಮಂದಿಯೆಲ್ಲ ಶಿಲುಬೆ ಹಾದಿಗೆ ಹೋಗುತ್ತಿದ್ದೇವೆ. ಇವೆಲ್ಲ ಒಳ್ಳೆಯವೇ, ಒಂದನ್ನೂ ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಇವೆಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ. ನಮಗಾಗಿ ದುಡಿದವರ ಕೂಲಿ ಪೂರ್ತಿ ಸಂದಿದೆಯೇ ಎಂದು ನೋಡಬೇಕು. ಸಲ್ಲದಿದ್ದರೆ ನಮ್ಮ ಹಸಿವು ಬರಿಯ ಹಸಿವು, ಉಪವಾಸವಲ್ಲ.

ಇದು ನನ್ನ ಸ್ವಂತ ಬೋಧನೆಯಲ್ಲ. ಧರ್ಮಸಭೆ ಈ ಕಾಲಕ್ಕೆಂದೇ ಆರಿಸಿಟ್ಟ ವಾಚನಗಳು ಇದನ್ನೇ ಹೇಳುತ್ತವೆ. ವಿಭೂತಿ ಬುಧವಾರವಾಗಿ ಎರಡೇ ದಿನಕ್ಕೆ, ಶುಕ್ರವಾರದ ಬಲಿಪೂಜೆಯಲ್ಲಿ, ಯೆಶಾಯ ಪ್ರವಾದಿಯ 58ನೆಯ ಅಧ್ಯಾಯ ಓದುತ್ತಾರೆ. ಅಲ್ಲಿ ಜನ ದೇವರ ಮೇಲೆಯೇ ದೂರು ಹೇಳುತ್ತಾರೆ. ತಾವು ಇಷ್ಟೆಲ್ಲ ಉಪವಾಸವಿದ್ದರೂ ಆತ ಕಣ್ಣೆತ್ತಿ ನೋಡಲಿಲ್ಲವಲ್ಲ ಎಂಬ ದೂರು ಅದು. ಪ್ರವಾದಿಯ ಮೂಲಕ ಬರುವ ಉತ್ತರ ಕಠೋರವಾಗಿದೆ: ಆ ಉಪವಾಸದ ದಿನವೂ ಅವರು ತಮ್ಮ ಆಳುಗಳ ಬೆವರು ಹಿಂಡುತ್ತಿದ್ದರು. ಅನ್ಯಾಯದ ಕಟ್ಟುಗಳನ್ನು ಬಿಚ್ಚುವುದು, ಹಸಿದವರೊಡನೆ ಅನ್ನ ಹಂಚಿಕೊಳ್ಳುವುದು, ದೇವರು ಕೇಳುವ ಉಪವಾಸ ಅದು.

ಮುಂದಿನ ಸೋಮವಾರ ಯಾಜಕಕಾಂಡದ 19ನೆಯ ಅಧ್ಯಾಯ. ಕೂಲಿಯಾಳಿನ ದುಡ್ಡು ಒಂದು ರಾತ್ರಿಯೂ ಒಡೆಯನ ಕೈಯಲ್ಲಿ ಉಳಿಯಕೂಡದು ಎಂಬ ಕಟ್ಟಳೆ ಅಲ್ಲಿದೆ. ಒಂದೇ ರಾತ್ರಿಗೆ ಯಾಕಿಷ್ಟು ಕಟ್ಟುನಿಟ್ಟು? ಬೆಳಗಿನ ದುಡಿಮೆಯಿಂದಲೇ ಆ ಮನೆಯಲ್ಲಿ ಸಂಜೆಯ ಒಲೆ ಹೊತ್ತಬೇಕು. ಒಡೆಯನಿಗೆ ಅದು ಒಂದು ದಿನ ತಡ, ಅಷ್ಟೆ. ಆಳಿನ ಮಕ್ಕಳಿಗೆ ಒಂದು ಹೊತ್ತಿನ ಊಟ. ಅದೇ ಪೂಜೆಯಲ್ಲಿ ಮತ್ತಾಯನ ಶುಭಸಂದೇಶದ ಅಂತಿಮ ತೀರ್ಪಿನ ಭಾಗವನ್ನೂ ಓದುತ್ತಾರೆ. ಹಸಿದವನಿಗೆ ಉಣಿಸಿದೆಯಾ ಎಂಬುದರ ಮೇಲೆ ಅಲ್ಲಿ ತೀರ್ಪು ನಿಲ್ಲುತ್ತದೆ. ಆದರೆ ಅದು ವಾರದ ದಿನದ ಪೂಜೆ. ನಮ್ಮಲ್ಲಿ ಬಹಳ ಮಂದಿ ಆ ಹೊತ್ತಿಗೆ ಚರ್ಚಿನಲ್ಲಿ ಇರುವುದಿಲ್ಲ. ನಮಗೆಂದೇ ಬರೆದಿಟ್ಟ ಮಾತು ನಮ್ಮ ಕಿವಿಗೆ ಬೀಳದೆ ಹೋಗುತ್ತಿದೆ.

ಆದ್ದರಿಂದ ಇಲ್ಲಿ ಬಿಚ್ಚಿ ಕೇಳುತ್ತೇನೆ. ನಿಮ್ಮ ಮನೆಯ ಪಾತ್ರೆ ತೊಳೆಯುವ ಅಕ್ಕನಿಗೆ ತಿಂಗಳ ಸಂಬಳ ಯಾವ ತಾರೀಖಿಗೆ ಕೊಡುತ್ತೀರಿ? ಆಕೆ ಜ್ವರ ಬಂದು ಮಲಗಿದ ದಿನಗಳನ್ನು ಮುರಿದುಕೊಳ್ಳುತ್ತೀರಾ? ಎಷ್ಟು ವರ್ಷದಿಂದ ಅದೇ ಸಂಬಳ? ನಮ್ಮ ರಾಜ್ಯ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದ್ದು 2004ರಲ್ಲಿ. ಇಂದಿನ ದರ ಎಷ್ಟೆಂದು ನಮ್ಮಲ್ಲಿ ಎಷ್ಟು ಮನೆಗಳು ವಿಚಾರಿಸಿವೆ? ತೋಟವಿರುವವರೇ, ಲೈನ್ ಮನೆಯಲ್ಲಿರುವ ಕುಟುಂಬಕ್ಕೆ ಕೊಟ್ಟ ಮುಂಗಡ ವರ್ಷವರ್ಷವೂ ತೀರದ ಸಾಲವಾಗಿ ಅವರನ್ನು ಕಟ್ಟಿಹಾಕಿಲ್ಲ ತಾನೇ? ನಮ್ಮ ಶಾಲೆ, ಆಸ್ಪತ್ರೆಗಳನ್ನು ನಡೆಸುವವರೇ, ಆಯಾ, ಕಾವಲುಗಾರ, ಗುತ್ತಿಗೆಯ ಮೇಲಿರುವ ಟೀಚರ್ ಸಹಿ ಹಾಕಿದ ಮೊತ್ತವೇ ಅವರ ಕೈ ಸೇರುತ್ತಿದೆಯೇ? ಚರ್ಚಿನ ಅಂಗಳ ಗುಡಿಸುವವರಿಗೆ ಪಿಎಫ್ ಉಂಟೇ?

ಧರ್ಮಸಭೆಯ ಬೋಧನೆಯಲ್ಲಿ ಸ್ವರ್ಗದವರೆಗೆ ಮೊರೆಯಿಡುವ ಪಾಪಗಳೆಂದು ಕೆಲವನ್ನು ಎಣಿಸುತ್ತಾರೆ. ಕೊಲೆ ಅವುಗಳಲ್ಲೊಂದು. ಕೂಲಿಯಾಳಿಗೆ ವಂಚಿಸುವುದೂ ಅದೇ ಸಾಲಿನಲ್ಲಿದೆ. ಕೊಯ್ಲಿನವರ ತಡೆಹಿಡಿದ ಕೂಲಿ ದೇವರ ಕಿವಿ ಮುಟ್ಟುತ್ತದೆಂದು ಯಕೋಬನ ಪತ್ರ ಎಚ್ಚರಿಸುತ್ತದೆ. 1891ರಲ್ಲಿ ಪೋಪ್ ಹದಿಮೂರನೆಯ ಲಿಯೋ ತಮ್ಮ 'ರೇರುಂ ನೊವಾರುಂ' ಪತ್ರದಲ್ಲಿ ಇದನ್ನೇ ಮತ್ತೆ ಹೇಳಿದರು. ಕಷ್ಟದಲ್ಲಿರುವ ಕಾರ್ಮಿಕ ಬೇರೆ ದಾರಿಯಿಲ್ಲದೆ ಕಡಿಮೆ ಕೂಲಿಗೆ ಒಪ್ಪಿಕೊಂಡರೆ, ಆ ಒಪ್ಪಿಗೆಯಿಂದ ಅನ್ಯಾಯ ನ್ಯಾಯವಾಗುವುದಿಲ್ಲ ಎಂದರು. 'ಅವರೇ ಒಪ್ಪಿ ಬಂದರು' ಎಂಬ ನಮ್ಮ ಸಮಜಾಯಿಷಿಗೆ ಇಷ್ಟು ಹಳೆಯ ಉತ್ತರವಿದೆ. ಕಡ್ಡಾಯದ ಉಪವಾಸ ವರ್ಷಕ್ಕೆ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಐವತ್ತೊಂಬತ್ತು ತುಂಬಿದವರಿಗೆ ಅದರಿಂದಲೂ ವಿನಾಯಿತಿ ಉಂಟು. ನ್ಯಾಯದ ಕೂಲಿ ಕೊಡುವುದರಿಂದ ಮಾತ್ರ ಯಾವ ದಿನವೂ, ಯಾವ ವಯಸ್ಸಿನವರಿಗೂ ವಿನಾಯಿತಿಯಿಲ್ಲ.

'ನಾವು ದಾನಧರ್ಮ ಮಾಡುತ್ತೇವಲ್ಲ' ಎನ್ನಬಹುದು. ಮಾಡಿ, ಧಾರಾಳವಾಗಿ ಮಾಡಿ. ಆದರೆ ಸಂಬಳದಲ್ಲಿ ಉಳಿಸಿಕೊಂಡದ್ದನ್ನು ಹಬ್ಬಕ್ಕೆ ಹಳೆಯ ಸೀರೆಯಾಗಿ ಕೊಟ್ಟರೆ ಅದು ದಾನವಲ್ಲ, ಅವರದ್ದನ್ನೇ ಅವರಿಗೆ ಕೊಟ್ಟು ಕೈ ಮುಗಿಸಿಕೊಂಡಂತೆ. ಸುಂಕದ ಜಕ್ಕಾಯ ಯೇಸುವನ್ನು ಮನೆಗೆ ಬರಮಾಡಿಕೊಂಡಾಗ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದ. ಅಲ್ಲಿಗೇ ನಿಲ್ಲಲಿಲ್ಲ; ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ. ದಾನ ಬೇರೆ, ಹಿಂದಿರುಗಿಸುವುದು ಬೇರೆ ಎಂಬುದು ಅವನಿಗೆ ಗೊತ್ತಿತ್ತು. ಆ ಮನೆಗೆ ರಕ್ಷಣೆ ಬಂತೆಂದು ಯೇಸು ಹೇಳಿದ್ದು ಅದರ ಮೇಲೆಯೇ.

ಶಿಲುಬೆ ಹಾದಿಯ ಐದನೆಯ ಸ್ಥಳದಲ್ಲಿ ಮೊಣಕಾಲೂರುವಾಗ ಒಮ್ಮೆ ಯೋಚಿಸಿ. ಕುರೇನ್ಯದ ಸಿಮೋನ ಹಳ್ಳಿಯ ಕಡೆಯಿಂದ ಬರುತ್ತಿದ್ದ ದಾರಿಹೋಕ. ಸೈನಿಕರು ಅವನನ್ನು ಬಿಟ್ಟಿ ಹಿಡಿದು ಶಿಲುಬೆ ಹೊರಿಸಿದರು. ಅವನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಆ ಚಿತ್ರದ ಮುಂದೆ ಕಣ್ಣೀರಿಡುವ ನಾವು, ನಮ್ಮ ಹೊರೆಯನ್ನು ಅರೆಸಂಬಳಕ್ಕೆ ಹೊರುತ್ತಿರುವವರನ್ನು ದಾಟಿಕೊಂಡೇ ಪೂಜೆಗೆ ಬಂದಿರುತ್ತೇವೆ.

ಗುರುಗಳೇ, ನಿಮ್ಮನ್ನೂ ಕೇಳಿಕೊಳ್ಳುತ್ತೇನೆ: ಇದನ್ನು ಭಾನುವಾರದ ಪ್ರಬೋಧನೆಯಲ್ಲಿ ಹೇಳಿ. ಕೆಲವರಿಗೆ ಕೋಪ ಬರಬಹುದು, ಕಾಣಿಕೆ ಕಡಿಮೆಯಾಗಬಹುದು. ಎಲ್ ಸಾಲ್ವಡಾರಿನ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊ ತಪಸ್ಸುಕಾಲದ ಐದನೆಯ ಭಾನುವಾರ, 1980ರ ಮಾರ್ಚ್ 23ರಂದು, ಬಡ ರೈತರನ್ನು ಕೊಲ್ಲುವುದನ್ನು ನಿಲ್ಲಿಸಿ ಎಂದು ಪೀಠದಿಂದಲೇ ಸೈನಿಕರಿಗೆ ಕರೆಕೊಟ್ಟರು. ಮರುದಿನ ಆಸ್ಪತ್ರೆಯೊಂದರ ಪ್ರಾರ್ಥನಾಲಯದಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದಾಗಲೇ ಅವರನ್ನು ಗುಂಡಿಟ್ಟು ಕೊಂದರು. 2018ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ಅವರು ಪ್ರಾಣವನ್ನೇ ತೆತ್ತರು. ನಮ್ಮಿಂದ ಕೇಳುತ್ತಿರುವುದು ಒಂದು ಅಹಿತವಾದ ಪ್ರಬೋಧನೆಯನ್ನು ಮಾತ್ರ.

ಇನ್ನು ಮಾಡಬೇಕಾದ್ದನ್ನು ಹೇಳಿಬಿಡುತ್ತೇನೆ. ನಿಮಗಾಗಿ ದುಡಿಯುವ ಪ್ರತಿಯೊಬ್ಬರನ್ನೂ ಈ ವಾರವೇ ಕೂರಿಸಿಕೊಂಡು, ಬಾಕಿ ಎಷ್ಟಿದೆಯೆಂದು ಅವರ ಬಾಯಿಂದಲೇ ಕೇಳಿ. ತಡೆಹಿಡಿದದ್ದನ್ನು ಕೊಡಿ. ಕಡಿಮೆ ಕೊಟ್ಟಿದ್ದರೆ ಸಂಬಳ ಏರಿಸಿ. ವಾರಕ್ಕೊಂದು ರಜೆಯನ್ನು ಹಕ್ಕೆಂದು ಒಪ್ಪಿಕೊಳ್ಳಿ. ತೀರದ ಮುಂಗಡವನ್ನು ಮನ್ನಾ ಮಾಡಿ. ಧರ್ಮಕೇಂದ್ರದ ಸಮಿತಿಯಲ್ಲಿರುವವರು ಸಂಸ್ಥೆಗಳ ಸಂಬಳದ ಪಟ್ಟಿಯನ್ನು ಸಭೆಯ ಮುಂದಿಡಲು ಕೇಳಿ. ಪಾಪನಿವೇದನೆಗೆ ಹೋಗುವಾಗ ಇದನ್ನೂ ಹೆಸರಿಟ್ಟು ಹೇಳಿ. ಪವಿತ್ರ ಗುರುವಾರ ಸಂಜೆ ಪಾದ ತೊಳೆಯುವ ವಿಧಿಗೆ ಹೊರಡುವ ಮೊದಲು ಕೊನೆಯ ರೂಪಾಯಿಯವರೆಗೆ ಬಾಕಿ ತೀರಿಸಿ.